ಒಬ್ರೇ ಆಡಿದ್ರೆ ಸರಿ, ಜೊತೆ ಸೇರಿದ್ರೆ ಕೈಕೊಡುತ್ತೆ: ಹಳೇ ಪಿಎಸ್‌ಪಿ ಶೂಟರ್‌ಗಳ ತೊಂದರೆ ಹಿಡಿಯೋದು ಹೇಗೆ

ಹೊಸತೊಡಕಿನ ದಿನ ಬಾಡೂಟ ಮುಗಿಸ್ಕೊಂಡು ನಮ್ಮನೇಲಿ ದೊಡ್ಡೋರೆಲ್ಲ ಇಸ್ಪೀಟಿಗೆ ಕೂತ್ರೆ ನಾವು ಅಣ್ಣತಮ್ಮಂದಿರು ನಾಲ್ಕು ಹಳೇ ಪಿಎಸ್‌ಪಿ, ಅಂದ್ರೆ ಸೋನಿಯವರ ಕೈಲಿ ಹಿಡ್ಕೊಂಡು ಆಡೋ ಗೇಮ್ ಮಷೀನು, ಎತ್ಕೊಂಡು ಮಹಡಿಗೆ ಹೋಗ್ತೀವಿ, ಕಾಲೇಜ್ ದಿನದಿಂದ ನಡ್ಕೊಂಡು ಬಂದಿರೋದಿದು. ಒಂದ್ಸಲ ಏನಾಯ್ತು ಅಂದ್ರೆ ಚಿಕ್ಕಪ್ಪನ ಮಗನ ಪಿಎಸ್‌ಪಿಗೆ ನನ್ನ ರೂಮ್, ಅಂದ್ರೆ ಎಲ್ರೂ ಸೇರ್ಕೊಳ್ಳೋಕೆ ಅಂತ ನಾನು ಗೇಮಲ್ಲಿ ತೆಗೆದಿದ್ದ ಆಟ, ಕಾಣ್ತಿಲ್ಲ, ಮಿಕ್ಕ ಇಬ್ರಿಗೂ ಕಾಣ್ತಿದೆ. ನಾನು ದೊಡ್ಡ ಮೆಕ್ಯಾನಿಕ್ ಥರ ಸ್ಕ್ರೂಡ್ರೈವರ್ ತಂದು ಮುಂದಿನ ಕವರ್ ಬಿಚ್ಚಿದೆ, ಆಂಟೆನಾ ವೈರ್ ಲೂಸ್ ಆಗಿರ್ಬೇಕು ಅಂತ ಹುಡುಕ್ತಾ ಹುಡುಕ್ತಾ ಸ್ಕ್ರೀನ್ ರಿಬ್ಬನ್ ಕೂರೋ ಲಾಕ್‌ನ ಪಟಕ್ ಅಂತ ಮುರಿದೆ. ಅವ್ನು ಮೆಲ್ಲಗೆ ಕೇಳ್ದ, "ಅಣ್ಣಾ, ಸೈಡಲ್ಲಿ ಡಬ್ಲ್ಯೂಲ್ಯಾನ್ ಅಂತ ಒಂದು ಸ್ವಿಚ್ ಇದ್ಯಲ್ಲ, ಅದು ಹೆಂಗಿರ್ಬೇಕು?"

ಅದು ವೈಫೈ ಸ್ವಿಚ್ಚು, ಆಫ್ ಆಗಿತ್ತು. ಅಷ್ಟೇ ಪ್ರಾಬ್ಲಮ್ಮು. ಆ ವರ್ಷ ಮೂರೇ ಜನ ಆಡಿದ್ವಿ.

ಆವತ್ತಿಂದ ಯಾರಾದ್ರೂ ಪಿಎಸ್‌ಪಿ ತಂದು "ಇದು ಕೆಟ್ಟೋಗಿದೆ ನೋಡೋ" ಅಂದ್ರೆ ನಾನು ಮೊದಲು ಕೇಳೋ ಪ್ರಶ್ನೆ ಒಂದೇ, ಸೋಲೋದಲ್ಲೂ, ಅಂದ್ರೆ ಒಬ್ರೇ ಆಡೋವಾಗ್ಲೂ, ಹಿಂಗೇ ಮಾಡುತ್ತಾ? ಶೂಟರ್, ಅಂದ್ರೆ ಗುಂಡು ಹಾರಿಸೋ ಗೇಮ್‌ಗಳಲ್ಲಿ ಇದೊಂದು ಅನುಕೂಲ, ಕಿಲ್‌ಝೋನ್: ಲಿಬರೇಷನ್ ಆಗ್ಲಿ ಕಾಲ್ ಆಫ್ ಡ್ಯೂಟಿ: ರೋಡ್ಸ್ ಟು ವಿಕ್ಟರಿ ಆಗ್ಲಿ, ಒಂದೇ ಡಿಸ್ಕಲ್ಲಿ ಒಬ್ರೇ ಆಡೋದೂ ಇದೆ ಜೊತೆಲಿ ಆಡೋದೂ ಇದೆ. ಸೋಲೋ ಸರಿಯಾಗಿ ಓಡ್ತಿದೆ ಅಂದ್ರೆ ಡಿಸ್ಕು, ಅದನ್ನ ಓದೋ ಲೆನ್ಸು, ಬಟನ್ನು, ಸ್ಕ್ರೀನು ಎಲ್ಲ ಬಹುಪಾಲು ಚೆನ್ನಾಗಿದೆ ಅಂತ ಅರ್ಥ, ಆಮೇಲೆ ನೀವು ಹುಡುಕ್ಬೇಕಾಗಿರೋದು ವೈರ್‌ಲೆಸ್ ಕಡೆ ಮಾತ್ರ. ಸೋಲೋದಲ್ಲೇ ಒದ್ದಾಡ್ತಿದ್ರೆ ನೆಟ್‌ವರ್ಕ್ ಸೆಟ್ಟಿಂಗ್ ಮುಟ್ಟೋದು ಟೈಮ್ ವೇಸ್ಟು. ಒಂದೇ ಒಂದು ಕಡೆ ಈ ಲೆಕ್ಕ ತಪ್ಪುತ್ತೆ, ಅದು ಮುಂದೆ ಬರುತ್ತೆ.

ಎರಡನೇ ಮಾತು, ಅದಲು ಬದಲು ಮಾಡಿ ನೋಡ್ಬೇಕಾದ್ರೆ ಒಂದ್ಸಲಕ್ಕೆ ಒಂದೇ ವಸ್ತು ಬದಲಾಯಿಸಿ. ಡಿಸ್ಕೂ ಬ್ಯಾಟರಿನೂ ಮೆಮೊರಿ ಕಾರ್ಡೂ ಒಟ್ಟಿಗೆ ಬದಲಾಯಿಸಿ "ಈಗ ಸರಿಹೋಯ್ತು" ಅಂದ್ರೆ ಯಾವುದ್ರಿಂದ ಸರಿಹೋಯ್ತು ಅಂತ ದೇವರಿಗೇ ಗೊತ್ತು.

ಹಿಂದಿನ ಕವರ್ ಉಬ್ಬಿದೆ, ಬ್ಯಾಟರಿ ಮುಚ್ಚಳ ಕೂರ್ತಿಲ್ಲ

ಬೇರೆ ಏನು ನೋಡೋಕೂ ಮುಂಚೆ ಇದನ್ನ ನೋಡಿ. ಪಿಎಸ್‌ಪಿನ ಮೇಜಿನ ಮೇಲೆ ಬೆನ್ನು ಕೆಳಗೆ ಮಾಡಿ ಇಡಿ, ಬುಗುರಿ ಥರ ತಿರುಗ್ತಿದ್ರೆ ಅಥವಾ ಬ್ಯಾಟರಿ ಮುಚ್ಚಳ ಒಂದು ಕಡೆ ಎದ್ದಿದ್ರೆ ಒಳಗೆ ಬ್ಯಾಟರಿ ಉಬ್ಬಿದೆ. ಈ ಮಷೀನು ಬಂದಿದ್ದು 2004ರ ಡಿಸೆಂಬರ್‌ನಲ್ಲಿ ಜಪಾನ್‌ಗೆ, ಅಂದ್ರೆ ಎಷ್ಟೋ ಬ್ಯಾಟರಿಗಳಿಗೆ ಈಗ ಹದಿನೈದು ವರ್ಷದ ಮೇಲಾಗಿದೆ, ಬೀರೂಲಿ ಇಟ್ಟು ಮರೆತೋಗಿದ್ದವು ಇನ್ನೂ ಜಾಸ್ತಿ ಉಬ್ಬಿರುತ್ತೆ. ಲಿಥಿಯಂ ಬ್ಯಾಟರಿ ಉಬ್ಬಿದ್ರೆ ಒಳಗೆ ಗ್ಯಾಸ್ ತುಂಬಿದೆ ಅಂತ ಅರ್ಥ.

ಚಾರ್ಜ್‌ಗೆ ಹಾಕ್ಬೇಡಿ. "ಒಂದೇ ಒಂದು ಮ್ಯಾಚ್" ಅಂತ ಆನೂ ಮಾಡ್ಬೇಡಿ. ಒತ್ತಿ ಕೂರ್ಸೋದು, ಪಿನ್ನಲ್ಲಿ ಚುಚ್ಚಿ ಗ್ಯಾಸ್ ಬಿಡೋದು, ಫ್ರಿಜ್ಜಲ್ಲಿ ಇಡೋದು, ಈ ಥರ ಸಾಹಸಗಳನ್ನ ಯಾರೋ ವಿಡಿಯೋಲಿ ಮಾಡಿರ್ತಾರೆ, ನೀವು ಮಾಡ್ಬೇಡಿ, ಚುಚ್ಚಿದ್ರೆ ಬೆಂಕಿ ಹತ್ಕೊಳ್ಳುತ್ತೆ. ಮೆತ್ತಗೆ ಹೊರಗೆ ತೆಗೆದು, ಲೋಹದ ತುದಿಗಳ ಮೇಲೆ ಟೇಪ್ ಅಂಟಿಸಿ, ಮಕ್ಕಳ ಕೈಗೆ ಸಿಗದ ಹಾಗೆ ಒಣ ಜಾಗದಲ್ಲಿ ಒಂದು ಮಣ್ಣಿನ ಕುಂಡದಲ್ಲೋ ಟಿನ್ನಲ್ಲೋ ಇಡಿ, ಆಮೇಲೆ ಇ-ವೇಸ್ಟ್ ತಗೊಳ್ಳೋರಿಗೆ ಕೊಡಿ. ಬೆಳಗ್ಗೆ ಬರೋ ಕಸದ ಆಟೋಗೆ ಹಸಿ ಕಸ ಒಣ ಕಸದ ಜೊತೆ ಹಾಕ್ಬೇಡಿ, ಆ ಆಟೋದೊಳಗೆ ಒತ್ತಡಕ್ಕೆ ಸಿಕ್ಕಿದ್ರೆ ಪಾಪ ಅವರಿಗೇ ಅಪಾಯ. ಬ್ಯಾಟರಿ ಬಿಗಿಯಾಗಿ ಸಿಕ್ಕಾಕೊಂಡು ಬರ್ತಾನೇ ಇಲ್ಲ ಅಂದ್ರೆ ಸ್ಕ್ರೂಡ್ರೈವರ್ ಹಾಕಿ ಮೀಟ್ಬೇಡಿ, ಹಂಗೇ ಅಂಗಡಿಗೆ ತಗೊಂಡೋಗಿ.

ಆನೇ ಆಗ್ತಿಲ್ಲ, ಇಲ್ಲಾಂದ್ರೆ ಆನ್ ಆಗಿ ಬಟನ್ ಕೇಳ್ತಿಲ್ಲ

ಬಟನ್ ಕೇಳ್ತಿಲ್ಲ ಅಂದ್ರೆ ಪವರ್ ಸ್ವಿಚ್ ಕೆಳಗೆ ಇಳಿದು ಹೋಲ್ಡ್‌ನಲ್ಲಿ ಕೂತಿದ್ಯಾ ನೋಡಿ. ನಗ್ಬೇಡಿ, ಬ್ಯಾಗಿಂದ ತೆಗೆಯೋವಾಗ ಉಜ್ಜಿಕೊಂಡು ಇಳಿದುಬಿಡುತ್ತೆ, ಸ್ಕ್ರೀನಲ್ಲಿ ಎಲ್ಲ ಓಡ್ತಿರುತ್ತೆ ಆದ್ರೆ ಏನು ಒತ್ತಿದ್ರೂ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ.

ಆನೇ ಆಗ್ತಿಲ್ಲ ಅಂದ್ರೆ ಚಾರ್ಜರ್ ಹಾಕಿ, ಕಿತ್ತಳೆ ಬಣ್ಣದ ದೀಪ ಬರುತ್ತಾ ನೋಡಿ. ಬಂದ್ರೆ ಚಾರ್ಜರ್ರೂ ಜಾಕೂ ಸರಿ ಇದೆ, ಅರ್ಧ ಗಂಟೆ ಬಿಟ್ಟು ನೋಡಿ. ಬರ್ಲಿಲ್ಲ ಅಂದ್ರೆ ಬ್ಯಾಟರಿ ಪೂರ್ತಿ ಹೊರಗೆ ತೆಗೆದು ಬರೀ ಚಾರ್ಜರ್ ಮೇಲೆ ಆನ್ ಮಾಡಿ, ಪಿಎಸ್‌ಪಿ ಬ್ಯಾಟರಿ ಇಲ್ದೇನೂ ಓಡುತ್ತೆ. ಹಂಗೆ ಆನ್ ಆಯ್ತಾ, ಬ್ಯಾಟರಿ ಸತ್ತಿದೆ, ಮಷೀನ್ ಚೆನ್ನಾಗಿದೆ. ಹಂಗೂ ಆಗ್ಲಿಲ್ವಾ, ಇನ್ನೊಬ್ರ ಚಾರ್ಜರ್ ಹಾಕಿ ನೋಡಿ. ಅದ್ರಲ್ಲೂ ಆಗ್ಲಿಲ್ಲ ಅಂದ್ರೆ ಜಾಕು ಅಥವಾ ಬೋರ್ಡ್ ಮೇಲಿರೋ ಚಿಕ್ಕ ಫ್ಯೂಸು, ಅಲ್ಲಿಗೆ ನಿಮ್ಮ ಕೆಲಸ ಮುಗೀತು, ಮೈಕ್ರೋ ಸೋಲ್ಡರಿಂಗ್ ಗೊತ್ತಿರೋರ ಹತ್ರ ಕೊಡಿ.

ಚಾರ್ಜರ್ ವಿಷ್ಯದಲ್ಲಿ ಹುಷಾರು. 5 ವೋಲ್ಟ್ ಬೇಕು, ಪ್ಲಗ್‌ನ ಮಧ್ಯದ ತೂತು ಪ್ಲಸ್ ಆಗಿರ್ಬೇಕು. ಆ ಉರುಟು ಪಿನ್ನು ಬೇರೆ ಎಷ್ಟೋ ಸಾಮಾನಿನ ಅಡಾಪ್ಟರ್‌ಗೂ ಇರುತ್ತೆ, ಕೂತ್ಕೊಳ್ತು ಅಂತ ಮನೇಲಿ ಬಿದ್ದಿದ್ದ ಯಾವುದೋ ಅಡಾಪ್ಟರ್ ಚುಚ್ಚಿದ್ರೆ ಮೇಲೆ ಹೇಳಿದ ಫ್ಯೂಸ್ ಹೋಗೋದೇ ಹಿಂಗೆ. 2000 ಮತ್ತೆ 3000 ಮಾಡೆಲ್ ಯುಎಸ್‌ಬಿ ಕೇಬಲ್ಲಲ್ಲೂ ಚಾರ್ಜ್ ಆಗುತ್ತೆ, ದಪ್ಪಗಿರೋ 1000 ಮಾಡೆಲ್ ಯುಎಸ್‌ಬಿ ಪೋರ್ಟಿಂದ ಚಾರ್ಜ್ ಆಗಲ್ಲ, ಅದು ದೋಷ ಅಲ್ಲ, ಅದು ಇರೋದೇ ಹಂಗೆ.

ಡಿಸ್ಕ್ ಓದಲ್ಲ, ಲೆವೆಲ್ ಲೋಡ್ ಆಗ್ತಾ ಆಗ್ತಾ ನಿಂತೋಗುತ್ತೆ

ಮೊದಲು ಕೇಳಿಸ್ಕೊಳ್ಳಿ. ಡಿಸ್ಕ್ ಹಾಕಿದಾಗ ಸುಯ್ ಅಂತ ತಿರುಗೋ ಸದ್ದೇ ಇಲ್ಲ ಅಂದ್ರೆ ಮೋಟಾರು ಅಥವಾ ಬಾಗಿಲು ಸರಿಯಾಗಿ ಮುಚ್ಚಿಲ್ಲ. ತಿರುಗುತ್ತೆ, ಟಿಕ್ ಟಿಕ್ ಟಿಕ್ ಅಂತ ಮತ್ತೆ ಮತ್ತೆ ಹುಡುಕೋ ಸದ್ದು ಬಂದು ಸುಮ್ಮನಾಗುತ್ತೆ ಅಂದ್ರೆ ಲೆನ್ಸ್ ಓದೋಕೆ ಒದ್ದಾಡ್ತಿದೆ.

ಆಮೇಲೆ ಎಲ್ಲಿ ನಿಲ್ಲುತ್ತೆ ಅನ್ನೋದನ್ನ ಗಮನಿಸಿ, ಇದು ನಂಗೆ ತುಂಬ ಸಲ ಉಪಯೋಗಕ್ಕೆ ಬಂದಿದೆ. ಯಾವಾಗ್ಲೂ ಅದೇ ಮಿಷನ್, ಅದೇ ಬಾಗಿಲು, ಅದೇ ಕಟ್‌ಸೀನಲ್ಲಿ ನಿಂತ್ರೆ ಡಿಸ್ಕಿನ ಆ ಜಾಗದಲ್ಲಿ ಗೀರು ಬಿದ್ದಿದೆ. ಒಂದಿನ ಇಲ್ಲಿ ಒಂದಿನ ಅಲ್ಲಿ ನಿಂತ್ರೆ ಡಿಸ್ಕ್ ಮೇಲೆ ಗೂಬೆ ಕೂರ್ಸ್ಬೇಡಿ, ಲೆನ್ಸ್ ಧೂಳು ಅಥವಾ ಸವೆತ. ಖಚಿತ ಮಾಡ್ಕೊಳ್ಳೋಕೆ ಗೆಳೆಯನ ಡಿಸ್ಕ್ ನಿಮ್ಮ ಮಷೀನಿಗೆ, ನಿಮ್ಮ ಡಿಸ್ಕ್ ಅವನ ಮಷೀನಿಗೆ ಹಾಕಿ, ಎರಡೇ ನಿಮಿಷದ ಕೆಲಸ.

ಯುಎಂಡಿ ಅನ್ನೋದು 1.8 ಜಿಬಿ ಹಿಡಿಯೋ ಪುಟಾಣಿ ಡಿಸ್ಕು, ಪ್ಲಾಸ್ಟಿಕ್ ಗೂಡಿನೊಳಗೆ ಕೂತಿರುತ್ತೆ. ಎಷ್ಟೋ ಸಲ ಡಿಸ್ಕಿಗೆ ಏನೂ ಆಗಿರಲ್ಲ, ಗೂಡಿನ ಪಾರದರ್ಶಕ ಮುಚ್ಚಳ ಅಂಟು ಬಿಟ್ಟು ಸ್ವಲ್ಪ ಎದ್ದಿರುತ್ತೆ, ಅಷ್ಟಕ್ಕೇ ಒಳಗಿನ ಡಿಸ್ಕ್ ಉಜ್ಜಿ ತಿರುಗೋಕೆ ಆಗಲ್ಲ. ಅಂಚಲ್ಲಿ ಸೂಜಿಮೊನೆಯಷ್ಟು ಅಂಟು ಹಾಕಿ ಒತ್ತಿ ಹಿಡಿದ್ರೆ ಸರಿಹೋಗುತ್ತೆ, ಅಂಟು ಒಳಗೆ ಹರಿದ್ರೆ ಮಾತ್ರ ಡಿಸ್ಕಿಗೆ ಎಳ್ಳುನೀರೇ.

ಲೆನ್ಸ್ ಒರೆಸೋದು ಕಷ್ಟ ಅಲ್ಲ. ಪವರ್ ಪೂರ್ತಿ ಆಫ್ ಮಾಡಿ, ಬ್ಯಾಟರಿ ತೆಗೆದು, ಯುಎಂಡಿ ಬಾಗಿಲು ತೆರೆದು, ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ತೊಟ್ಟು ಮುಟ್ಟಿಸಿ ಲೆನ್ಸ್ ಮೇಲೆ ಮಗು ಕಣ್ಣು ಒರೆಸಿದಷ್ಟು ಹಗುರವಾಗಿ ಒರೆಸಿ, ಒಣಗೋಕೆ ಹತ್ತು ನಿಮಿಷ ಬಿಡಿ. ಎಸ್‌ಪಿ ರೋಡಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನು ಮಾರೋ ಅಂಗಡೀಲಿ ಐಪಿಎ ಅಂದ್ರೆ ಕೊಡ್ತಾರೆ. ಸ್ಯಾನಿಟೈಸರ್ ಹಾಕ್ಬೇಡಿ, ಅದ್ರಲ್ಲಿರೋ ಜೆಲ್ಲು ಲೆನ್ಸ್ ಮೇಲೆ ಪದರ ಕಟ್ಟುತ್ತೆ. ಬಾಯಲ್ಲಿ ಉಫ್ ಅಂತ ಊದೋ ಅಭ್ಯಾಸನೂ ಬಿಡಿ, ಎಂಜಲು ಹಾರುತ್ತೆ. ಬಾಗಿಲು ತೆರೆದಿಟ್ಟು ಲೇಸರ್ ಉರಿಯುತ್ತಾ ಅಂತ ಕಣ್ಣಿಟ್ಟು ನೋಡೋ ಸಾಹಸ ಖಂಡಿತ ಬೇಡ.

ಇಲ್ಲೊಂದು ತಮಾಷೆ. ಕಿಲ್‌ಝೋನ್: ಲಿಬರೇಷನ್ ಆಡೋರು ನಾಲ್ಕನೇ ಅಧ್ಯಾಯ ಮುಗೀತಿದ್ದಂಗೆ "ಕಥೆ ಅರ್ಧಕ್ಕೇ ನಿಂತೋಯ್ತು, ಡಿಸ್ಕ್ ಕೆಟ್ಟಿದೆ" ಅಂತಾರೆ. ಕೆಟ್ಟಿಲ್ಲ. 2006ರ ಡಿಸ್ಕಲ್ಲಿ ಇದ್ದಿದ್ದೇ ಅಷ್ಟು, ಐದನೇ ಅಧ್ಯಾಯನೂ ಆನ್‌ಲೈನ್ ಆಟನೂ ಆಮೇಲೆ ಡೌನ್‌ಲೋಡ್ ಆಗಿ ಬಂತು. ಡೌನ್‌ಲೋಡ್ ಹಾಕ್ಕೊಳ್ದೇ ಇರೋ ಮಷೀನಲ್ಲಿ ಅದು ಸಿಗದೇ ಇರೋದು ಸಹಜ.

ಸೈನಿಕ ತಾನೇ ತಾನಾಗಿ ನಡೀತಾನೆ, ಇಲ್ಲಾ ಒಂದು ಕಡೆಗೆ ತಿರುಗೋದೇ ಇಲ್ಲ

ಕೈ ಬಿಟ್ರೂ ಗೋಡೆ ಕಡೆ ನಡ್ಕೊಂಡು ಹೋಗಿ ನಿಂತ್ಕೊಂಡು ಗುಂಡು ತಿಂತಿದ್ರೆ ಎಡಗಡೆ ಇರೋ ಅನಲಾಗ್ ಗುಂಡಿ ಹೋಗಿದೆ, ಅಥವಾ ಕೊಳೆ ಹಿಡಿದಿದೆ. ಪಕ್ಕಾ ಮಾಡ್ಕೊಳ್ಳೋಕೆ ಗೇಮೇ ಬೇಡ, ಪಿಎಸ್‌ಪಿಯ ಇಂಟರ್‌ನೆಟ್ ಬ್ರೌಸರ್ ತೆಗೀರಿ, ನೆಟ್ ಇಲ್ದಿದ್ರೂ ಪರವಾಗಿಲ್ಲ, ಅದ್ರಲ್ಲಿ ಬಾಣದ ಗುರುತು ಅನಲಾಗಲ್ಲೇ ಓಡಾಡೋದು. ಕೈ ಬಿಟ್ಟಾಗ ಬಾಣ ಜಾರಿಕೊಂಡು ಹೋದ್ರೆ ಗುಂಡಿ ತಪ್ಪು. ಬಾಣ ಸುಮ್ನೆ ನಿಂತಿದ್ದು ಗೇಮಲ್ಲಿ ಮಾತ್ರ ಜಾರಿದ್ರೆ ಗೇಮಿನ ಕಂಟ್ರೋಲ್ ಸೆಟ್ಟಿಂಗ್ ನೋಡಿ, ತಮ್ಮನೋ ತಂಗಿನೋ ಸೆನ್ಸಿಟಿವಿಟಿನ ತುದಿಗೆ ಏರಿಸಿರ್ತಾರೆ.

ಪರಿಹಾರ ಅಗ್ಗದಿಂದ ಶುರು ಮಾಡಿ. ಅನಲಾಗ್ ಗುಂಡಿಯನ್ನ ಎಲ್ಲ ಕಡೆಗೂ ಹತ್ತಿಪ್ಪತ್ತು ಸಲ ದುಂಡಗೆ ತಿರುಗಿಸಿ, ಸುತ್ತ ಸೇರ್ಕೊಂಡಿರೋ ಧೂಳನ್ನ ಒಣ ಬ್ರಷ್ಷಲ್ಲಿ ತೆಗೀರಿ. ಹೋಗ್ಲಿಲ್ಲ ಅಂದ್ರೆ ಮುಂದಿನ ಕವರ್ ಬಿಚ್ಬೇಕು. 1000 ಮಾಡೆಲಲ್ಲಿ ಗುಂಡಿಗೂ ಬೋರ್ಡಿಗೂ ಮಧ್ಯೆ ಕರೆಂಟ್ ಹರಿಯೋ ಚಿಕ್ಕ ರಬ್ಬರ್ ತುಂಡು ಇರುತ್ತೆ, ಅದು ಕೊಳೆ ಹಿಡಿದ್ರೆ ಅಥವಾ ಸರಿದ್ರೆ ಒಂದು ದಿಕ್ಕೇ ಕೆಲಸ ಮಾಡಲ್ಲ, ಐಪಿಎಯಲ್ಲಿ ಒರೆಸಿ ವಾಪಸ್ ಸರಿಯಾಗಿ ಕೂರ್ಸಿದ್ರೆ ಎಷ್ಟೋ ಸಲ ಹೊಸ ಗುಂಡಿನೇ ಬೇಡ. ಬಿಚ್ಚೋವಾಗ ಸ್ಕ್ರೂಗಳನ್ನ ಒಂದು ಕಾಗದದ ಮೇಲೆ ಪಿಎಸ್‌ಪಿ ಚಿತ್ರ ಬರ್ಕೊಂಡು ಆಯಾ ಜಾಗದಲ್ಲೇ ಟೇಪ್ ಹಾಕಿ ಅಂಟಿಸಿ, ಉದ್ದ ಬೇರೆ ಬೇರೆ ಇರುತ್ತೆ. ರಿಬ್ಬನ್ ಲಾಕ್ ಬಗ್ಗೆ ನಾನು ಹೇಳ್ಬೇಕಾಗಿಲ್ಲ.

ಆರ್ ಬಟನ್ ಒತ್ತಿದ್ರೆ ಗುಂಡು ಹಾರಲ್ಲ

ಹೆಗಲ ಬಟನ್ನು, ಅಂದ್ರೆ ಎಲ್ ಮತ್ತೆ ಆರ್, ಶೂಟರ್ ಆಡೋರ ಮಷೀನಲ್ಲಿ ಬೇಗ ಸವೆಯುತ್ತೆ, ರೇಸಿಂಗ್ ಆಡೋರದ್ದು ಅಷ್ಟು ಹಾಳಾಗಿರಲ್ಲ. ಒಳಗಿನ ತುದಿಲಿ ಒತ್ತಿದ್ರೆ ಹಾರಲ್ಲ ಹೊರಗಿನ ತುದಿಲಿ ಒತ್ತಿದ್ರೆ ಹಾರುತ್ತೆ ಅಂದ್ರೆ ಪ್ಲಾಸ್ಟಿಕ್ ಕೊಂಡಿ ಮುರಿದಿದೆ. ಎಲ್ಲಿ ಒತ್ತಿದ್ರೂ ಟಿಕ್ ಅನ್ನುತ್ತೆ ಆದ್ರೆ ಗುಂಡು ಹಾರಲ್ಲ ಅಂದ್ರೆ ಒಳಗಿನ ಸಂಪರ್ಕ ಕೊಳೆ. ಗೇಮಿನ ಕಂಟ್ರೋಲ್ ಮೆನುಲಿ ಬಟನ್ ಬದಲಾಯಿಸೋ ಆಯ್ಕೆ ಇದ್ರೆ ಫೈರ್‌ನ ಬೇರೆ ಬಟನ್‌ಗೆ ಹಾಕಿ ಆಟ ಮುಂದುವರಿಸಿ, ರಿಪೇರಿ ನಿಧಾನಕ್ಕೆ ನೋಡ್ಕೊಂಡ್ರಾಯ್ತು.

ಪಕ್ಕದಲ್ಲೇ ಕೂತಿದ್ರೂ ಅವನ ರೂಮ್ ನಂಗೆ ಕಾಣಲ್ಲ

ಇದೇ ಎಲ್ಲರನ್ನೂ ಸತಾಯಿಸೋದು. ಪಿಎಸ್‌ಪಿಗಳು ರೂಟರ್ ಇಲ್ದೇ ನೇರವಾಗಿ ಒಂದಕ್ಕೊಂದು ಮಾತಾಡೋದಕ್ಕೆ ಆಡ್‌ಹಾಕ್ ಅಂತಾರೆ, ಆರು ಜನದವರೆಗೆ ಕಿಲ್‌ಝೋನ್: ಲಿಬರೇಷನ್ ಆಡ್ಬಹುದು, ರೋಡ್ಸ್ ಟು ವಿಕ್ಟರಿನೂ ಅಷ್ಟೇ. ನೆಟ್ ಪ್ಯಾಕೇಜು, ವೈಫೈ ಪಾಸ್‌ವರ್ಡು ಇದ್ಯಾವುದೂ ಇದಕ್ಕೆ ಸಂಬಂಧ ಇಲ್ಲ, ಆದ್ರೂ ಜನ ಮೊದಲು ಹೋಗಿ ರೂಟರ್ ಆಫ್ ಆನ್ ಮಾಡ್ತಾರೆ.

ಮೊದಲು ನಿಮ್ಮ ಮಾಡೆಲ್ ಯಾವುದು ನೋಡಿ. ಹಿಂದೆ ಇ1000 ಸಾಲಿನ ನಂಬರ್ ಇದ್ರೆ ಅಲ್ಲಿಗೆ ನಿಲ್ಸಿ, ಅದು ಕಡಿಮೆ ಬೆಲೆಗೆ ಬಿಟ್ಟ ಮಾಡೆಲ್ಲು, ಅದ್ರಲ್ಲಿ ವೈಫೈ ಅನ್ನೋದೇ ಇಲ್ಲ, ಸೋಲೋ ಮಾತ್ರ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಇಲ್ಲೇ ಜಾಸ್ತಿ ಮೋಸ ಹೋಗೋದು, ನೋಡೋಕೆ ಹೊಸದಾಗಿ ಮಿರಮಿರ ಮಿಂಚ್ತಿರುತ್ತೆ, ಮನೆಗೆ ತಂದಮೇಲೆ ಗೊತ್ತಾಗುತ್ತೆ.

ಆಮೇಲೆ ಸ್ವಿಚ್. 1000 ಮಾಡೆಲಲ್ಲಿ ಎಡಗಡೆ ಪಕ್ಕದಲ್ಲಿ, ಅನಲಾಗ್ ಹತ್ರ, ಅಂಗೈ ತಾಗಿ ಆಫ್ ಆಗೋ ಜಾಗದಲ್ಲೇ ಇಟ್ಟಿದಾರೆ ಪುಣ್ಯಾತ್ಮರು. 2000, 3000ರಲ್ಲಿ ಮೇಲ್ಗಡೆ ಅಂಚಿನ ಎಡಭಾಗಕ್ಕೆ ಹೋಗಿದೆ. ಆನ್ ಮಾಡಿ ಮಲ್ಟಿಪ್ಲೇಯರ್ ಮೆನುಗೆ ಹೋದಾಗ ಚಿಕ್ಕ ಹಸಿರು ದೀಪ ಮಿನುಗ್ಬೇಕು. ಸ್ವಿಚ್ ಆನ್ ಇದ್ದೂ ದೀಪ ಒಂದ್ಸಲನೂ ಮಿನುಗಲ್ಲ ಅಂದ್ರೆ ಸ್ವಿಚ್ ಒಳಗೆ ಹಾಳಾಗಿದೆ ಅಥವಾ ವೈಫೈ ಬೋರ್ಡೇ ಹೋಗಿದೆ, ಸ್ವಿಚ್ಚನ್ನ ಹತ್ತು ಸಲ ಹಿಂದೆ ಮುಂದೆ ಆಡಿಸಿ ನೋಡಿ, ಆಗ್ಲಿಲ್ಲ ಅಂದ್ರೆ ಅಂಗಡಿಗೆ.

ದೀಪ ಮಿನುಗುತ್ತೆ, ಆದ್ರೂ ಕಾಣಲ್ಲ. ಆಗ ಚಾನೆಲ್, ಅಂದ್ರೆ ವೈಫೈ ಯಾವ ದಾರೀಲಿ ಮಾತಾಡುತ್ತೆ ಅನ್ನೋದನ್ನ ನೋಡಿ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್ ಒಳಗೆ ಆಡ್‌ಹಾಕ್ ಮೋಡ್ ಅಂತಿದೆ, ಅಲ್ಲಿ ಆಟೊಮ್ಯಾಟಿಕ್, 1, 6, 11 ಅಂತ ನಾಲ್ಕು ಆಯ್ಕೆ. ಒಬ್ರದ್ದು 1 ಇನ್ನೊಬ್ರದ್ದು 11 ಇದ್ರೆ ಒಬ್ಬ ಮೆಜೆಸ್ಟಿಕ್ಕಲ್ಲಿ ಇನ್ನೊಬ್ಬ ಮಾರ್ಕೆಟ್ಟಲ್ಲಿ ನಿಂತು ಕಾದಂಗೆ. ಎಲ್ರೂ ಆಟೊಮ್ಯಾಟಿಕ್‌ಗೆ ಹಾಕಿ ನೋಡಿ, ಆಗ್ಲಿಲ್ಲ ಅಂದ್ರೆ ಎಲ್ರೂ 1, ಆಮೇಲೆ ಎಲ್ರೂ 6, ಆಮೇಲೆ ಎಲ್ರೂ 11. ಬದಲಾಯಿಸಿದ ಮೇಲೆ ಗೇಮಿಂದ ಪೂರ್ತಿ ಹೊರಗೆ ಬಂದು ಮತ್ತೆ ಒಳಗೆ ಹೋಗಿ.

ಚಾನೆಲ್ಲೂ ಸರಿ ಇದೆ ಅಂದ್ರೆ ಡಿಸ್ಕ್ ಹೊರಗೆ ತೆಗೆದು ನಂಬರ್ ನೋಡಿ. ಯುಎಲ್‌ಇಎಸ್, ಯುಸಿಇಎಸ್ ಅಂತ ಶುರುವಾದ್ರೆ ಯೂರೋಪ್ ಕಡೆಗೆ ಮಾಡಿದ್ದು, ಯುಎಲ್‌ಯುಎಸ್, ಯುಸಿಯುಎಸ್ ಅಂದ್ರೆ ಅಮೆರಿಕದ್ದು. ಪಿಎಸ್‌ಪಿ ಗೇಮ್‌ಗಳು ಯಾವ ದೇಶದ ಮಷೀನಲ್ಲಾದ್ರೂ ಓಡುತ್ತೆ, ಹಂಗಾಗಿ ಸೋಲೋ ಆಡೋವಾಗ ಈ ವ್ಯತ್ಯಾಸ ಯಾರ ಗಮನಕ್ಕೂ ಬರಲ್ಲ, ಜೊತೆಲಿ ಆಡೋಕೆ ಹೋದಾಗ ಮಾತ್ರ ಎರಡು ದೇಶದ ಡಿಸ್ಕುಗಳು ಎಷ್ಟೋ ಸಲ ಒಂದನ್ನೊಂದು ಗುರುತೇ ಹಿಡಿಯಲ್ಲ. ಬೆಂಗಳೂರಲ್ಲಿ ಇದು ಮಾಮೂಲಿ, ಮನೆಗೊಬ್ರು ಅಮೆರಿಕದಲ್ಲಿದ್ದು ಅಲ್ಲಿಂದ ಗೇಮ್ ತಂದಿರ್ತಾರೆ, ಪಕ್ಕದ ಮನೆ ಹುಡುಗ ಇಲ್ಲೇ ತಗೊಂಡಿರ್ತಾನೆ. ಇಬ್ರೂ ಒಂದೇ ಸಾಲಿನ ಡಿಸ್ಕ್ ಹಾಕಿದಾಗ ಕಾಣಿಸಿಬಿಟ್ರೆ ಮಷೀನ್ ಬಿಚ್ಚೋ ಮಾತೇ ಇಲ್ಲ.

"ಒಂದೇ ಡಿಸ್ಕಲ್ಲಿ ನಾಲ್ಕು ಜನ ಆಡ್ಬಹುದಲ್ವಾ" ಅಂತ ಕೇಳ್ತಾರೆ. ಗೇಮ್ ಶೇರಿಂಗ್ ಅನ್ನೋದು ಕೆಲವು ಗೇಮ್‌ಗಳಲ್ಲಿ ಮಾತ್ರ ಇದೆ, ರೋಡ್ಸ್ ಟು ವಿಕ್ಟರಿಗೆ ಪ್ರತಿಯೊಬ್ರ ಹತ್ರನೂ ಗೇಮ್ ಇರ್ಬೇಕು. ಡಿಸ್ಕ್ ಇಲ್ದಿರೋನಿಗೆ ರೂಮ್ ಕಾಣ್ದೇ ಇದ್ರೆ ಅದು ರಿಪೇರಿ ಮಾಡೋ ವಿಷ್ಯ ಅಲ್ಲ.

ಕಸ್ಟಮ್ ಫರ್ಮ್‌ವೇರ್, ಅಂದ್ರೆ ಸೋನಿದಲ್ಲದ ಬದಲಾಯಿಸಿದ ಸಿಸ್ಟಮ್ ಸಾಫ್ಟ್‌ವೇರ್, ಹಾಕಿರೋರು ಚೀಟ್ ಪ್ಲಗಿನ್ ಎಲ್ಲ ಆಫ್ ಮಾಡಿ ಒಂದ್ಸಲ ನೋಡಿ. ಪ್ಲಗಿನ್ ಆನ್ ಇಟ್ಕೊಂಡು ರೂಮ್ ಕಾಣ್ತಿಲ್ಲ ಅಂತ ಗೋಳಾಡಿ, ಆಮೇಲೆ "ಅಯ್ಯೋ ಅದು ಆನ್ ಇತ್ತಾ" ಅನ್ನೋ ಒಬ್ಬ ಗೆಳೆಯ ಎಲ್ರಿಗೂ ಇರ್ತಾನೆ.

ಆಟ ಶುರುವಾಗುತ್ತೆ, ಮಧ್ಯದಲ್ಲಿ ಯಾರೋ ಒಬ್ರು ಬಿದ್ದೋಗ್ತಾರೆ

ಯಾರು ಬೀಳ್ತಾರೆ ಅನ್ನೋದೇ ಸುಳಿವು. ಪ್ರತಿ ಸಲ ಒಬ್ನೇ ಬಿದ್ರೆ ಅವನ ಮಷೀನು. ಸರದಿ ಮೇಲೆ ಎಲ್ರೂ ಬಿದ್ರೆ ಸುತ್ತಮುತ್ತಲ ಗಾಳಿ. ಒಟ್ಟಿಗೆ ಎಲ್ರೂ ಬಿದ್ರೆ ರೂಮ್ ಮಾಡಿದೋನದ್ದು, ರೂಮನ್ನ ಇನ್ನೊಬ್ರ ಕೈಲಿ ಮಾಡ್ಸಿ ನೋಡಿ.

ಗಾಳಿ ಅಂದ್ನಲ್ಲ, ಪಿಎಸ್‌ಪಿ ವೈಫೈ 2.4 ಗಿಗಾಹರ್ಟ್ಸ್‌ನಲ್ಲಿ ಹಳೇ 802.11ಬಿ ಮಾತ್ರ. ಅದೇ ದಾರೀಲಿ ಅಕ್ಕಪಕ್ಕದ ಫ್ಲ್ಯಾಟ್‌ಗಳ ರೂಟರ್ರು, ಬ್ಲೂಟೂತ್ ಇಯರ್‌ಫೋನು, ಅಡುಗೆಮನೆ ಮೈಕ್ರೋವೇವು ಎಲ್ಲ ಓಡಾಡ್ತಿರುತ್ತೆ. ಬಿಟಿಎಂ ಕಡೆ ಒಂದು ಪಿಜಿಲಿ ಫೋನ್ ತೆಗೆದು ವೈಫೈ ಪಟ್ಟಿ ನೋಡಿ, ಬೆರಳಲ್ಲಿ ಸರಿಸ್ತಾ ಹೋದ್ರೂ ಮುಗಿಯಲ್ಲ, ಸಾಯಂಕಾಲದ ಸಿಲ್ಕ್ ಬೋರ್ಡ್ ಅದು. ಫೋನಲ್ಲಿ ವೈಫೈ ಅನಲೈಸರ್ ಥರದ ಆ್ಯಪ್ ಹಾಕ್ಕೊಂಡು 1, 6, 11ರಲ್ಲಿ ಯಾವುದು ಖಾಲಿ ಇದೆ ನೋಡಿ ಎಲ್ರೂ ಅಲ್ಲಿಗೆ ಹೋಗಿ.

ಇನ್ನೂ ಅನುಮಾನ ಇದ್ರೆ ದುಡ್ಡಿಲ್ಲದ ಪರೀಕ್ಷೆ ಒಂದಿದೆ. ಎಲ್ರೂ ಮಷೀನ್ ತಗೊಂಡು ಕಬ್ಬನ್ ಪಾರ್ಕಿಗೋ ಲಾಲ್‌ಬಾಗಿಗೋ ಹೋಗಿ, ಕಟ್ಟಡಗಳಿಂದ ದೂರ ಒಂದು ಮರದಡಿ ಕೂತು ಅರ್ಧ ಗಂಟೆ ಆಡಿ. ಮನೇಲಿ ಐದು ನಿಮಿಷಕ್ಕೆ ಬೀಳ್ತಿದ್ದೋನು ಅಲ್ಲಿ ಒಂದ್ಸಲನೂ ಬೀಳ್ಲಿಲ್ಲ ಅಂದ್ರೆ ತೊಂದರೆ ನಿಮ್ಮ ಅಪಾರ್ಟ್‌ಮೆಂಟಿನದ್ದು, ಪಿಎಸ್‌ಪಿದಲ್ಲ. ನಾವು ಇದನ್ನ ಪರೀಕ್ಷೆ ಅಂತ ಹೋಗಿದ್ದು, ಈಗ ಭಾನುವಾರ ಅಭ್ಯಾಸನೇ ಆಗಿದೆ.

ಸೆಟ್ಟಿಂಗಲ್ಲಿ ಪವರ್ ಸೇವ್ ಒಳಗೆ ಡಬ್ಲ್ಯೂಲ್ಯಾನ್ ಪವರ್ ಸೇವ್ ಅಂತಿದೆ, ಅದನ್ನ ಆಫ್ ಮಾಡಿ. ಬ್ಯಾಟರಿ ಸ್ವಲ್ಪ ಬೇಗ ಹೋಗುತ್ತೆ, ಹೋಗ್ಲಿ ಬಿಡಿ.

ಈಗ ಮೊದಲೇ ಹೇಳಿದ್ನಲ್ಲ, ಲೆಕ್ಕ ತಪ್ಪೋ ಜಾಗ, ಅದು ಇದೇ. ಸೋಲೋ ಎರಡು ಗಂಟೆ ಆರಾಮಾಗಿ ಓಡುತ್ತೆ, ಮಲ್ಟಿಪ್ಲೇಯರ್‌ಗೆ ಹೋದ ಕೂಡ್ಲೇ ಮಷೀನೇ ಪೂರ್ತಿ ಆಫ್. ಎಲ್ರೂ ಇದನ್ನ ವೈಫೈ ಬೋರ್ಡ್ ಅಂತ್ಲೇ ಅಂದ್ಕೊಳ್ತಾರೆ. ನಾನೂ ಅಂದ್ಕೊಂಡಿದ್ದೆ, ಒಬ್ಬ ರಿಪೇರಿಯವನೂ ಹಂಗೇ ಅಂದು ಬೋರ್ಡ್ ಬದಲಾಯಿಸಿ ದುಡ್ಡು ಇಸ್ಕೊಂಡ, ಮನೆಗೆ ಬಂದ್ರೆ ಅದೇ ಕಥೆ. ನಿಜವಾದ ಕಳ್ಳ ಬ್ಯಾಟರಿ. ಡಿಸ್ಕ್ ತಿರುಗ್ಬೇಕು, ಸ್ಕ್ರೀನ್ ಬೆಳಗ್ಬೇಕು, ಅದ್ರ ಮೇಲೆ ವೈಫೈನೂ ಕರೆಂಟ್ ಎಳೆಯುತ್ತೆ, ಮುದಿ ಬ್ಯಾಟರಿಗೆ ಅಷ್ಟು ಒಟ್ಟಿಗೆ ಕೊಡೋಕೆ ಆಗಲ್ಲ, ವೋಲ್ಟೇಜ್ ಕುಸಿದು ಮಷೀನ್ ಆಫ್ ಆಗುತ್ತೆ. ಶೇಕಡ 60 ತೋರಿಸ್ತಿದ್ರೂ ಆಗುತ್ತೆ. ಪರೀಕ್ಷೆ ಸುಲಭ, ಚಾರ್ಜರ್ ಚುಚ್ಕೊಂಡೇ ಮಲ್ಟಿಪ್ಲೇಯರ್ ಆಡಿ. ಆಗ ಆಫ್ ಆಗ್ಲಿಲ್ಲ ಅಂದ್ರೆ ಬ್ಯಾಟರಿ ಬದಲಾಯಿಸಿ, ಬೋರ್ಡ್ ಮುಟ್ಬೇಡಿ. ದಪ್ಪ 1000ದ ಬ್ಯಾಟರಿ 1800 ಎಂಎಎಚ್, ತೆಳು 2000 ಮತ್ತೆ 3000ದ್ದು 1200, ದಪ್ಪದ್ದನ್ನ ತೆಳು ಮಷೀನಿಗೆ ಹಾಕಿದ್ರೆ ಮುಚ್ಚಳ ಮುಚ್ಚಲ್ಲ. ಪುಟ್ಟ ಬ್ಯಾಟರಿ ಮೇಲೆ 3600 ಅಂತ ಅಚ್ಚು ಹಾಕಿ ಮಾರೋದು ಕಂಡ್ರೆ ಅಂಗಡಿಯಿಂದ ಎದ್ದು ಬನ್ನಿ.

ಇನ್ನೊಂದು ಚಿಕ್ಕದು, ಮ್ಯಾಪ್ ಲೋಡ್ ಆಗೋವಾಗ್ಲೇ ಒಬ್ಬ ಬಿದ್ರೆ ಅವನ ಡಿಸ್ಕ್ ನಿಧಾನವಾಗಿ ಓದ್ತಿರ್ಬಹುದು, ಮಿಕ್ಕೋರು ಕಾದು ಕಾದು ಸಂಪರ್ಕ ಕಡೀತಿದೆ. ಮೇಲೆ ಹೇಳಿದ ಲೆನ್ಸ್ ಕಥೆಗೆ ವಾಪಸ್ ಹೋಗಿ.

ಆನ್‌ಲೈನ್ ಹೋಗೋಕೆ ಆಗಲ್ಲ

ಇದಕ್ಕೆ ಜಾಸ್ತಿ ತಲೆ ಕೆಡ್ಸ್ಕೋಬೇಡಿ. ಎರಡು ಗೋಡೆ ಇದೆ. ಒಂದು, ವೈಫೈ ಭದ್ರತೆಯ ಪದ್ಧತಿಗಳಲ್ಲಿ ಪಿಎಸ್‌ಪಿಗೆ ಡಬ್ಲ್ಯೂಪಿಎ ವರೆಗೆ ಮಾತ್ರ ಗೊತ್ತು, ಡಬ್ಲ್ಯೂಪಿಎ2 ಗೊತ್ತಿಲ್ಲ, ಈಗಿನ ಮನೆ ರೂಟರ್ ಎಲ್ಲ ಅದೇ ಅಥವಾ ಅದಕ್ಕಿಂತ ಹೊಸದು, ಪಾಸ್‌ವರ್ಡ್ ಸರಿ ಹಾಕಿದ್ರೂ ಸೇರಿಸ್ಕೊಳ್ಳಲ್ಲ. ಇದಕ್ಕೋಸ್ಕರ ಮನೆ ಮುಖ್ಯ ವೈಫೈ ಭದ್ರತೆ ಇಳಿಸೋ ಕೆಲಸ ಮಾಡ್ಬೇಡಿ, ಅದೇ ವೈಫೈಲಿ ಬ್ಯಾಂಕ್ ಕೆಲಸ ಎಲ್ಲ ನಡೀತಿರುತ್ತೆ. ಬೇಕೇ ಬೇಕು ಅಂದ್ರೆ ಹಳೇ ಫೋನಿಂದ 2.4 ಗಿಗಾಹರ್ಟ್ಸ್ ಹಾಟ್‌ಸ್ಪಾಟ್ ಪಾಸ್‌ವರ್ಡ್ ಇಲ್ದೇ ಐದು ನಿಮಿಷ ತೆಗೆದು ಕೆಲಸ ಮುಗಿಸಿ ಮುಚ್ಚಿ.

ಎರಡನೇ ಗೋಡೆ ದಾಟೋಕೆ ಆಗಲ್ಲ. ಆ ಕಡೆ ಸರ್ವರೇ ಇಲ್ಲ. ಮೆಡಲ್ ಆಫ್ ಹಾನರ್: ಹೀರೋಸ್ ಅನ್ನೋ ಶೂಟರ್‌ನಲ್ಲಿ 32 ಜನ ಆನ್‌ಲೈನ್ ಆಡ್ಬಹುದಿತ್ತು, ಆ ಕಾಲ ಹೋಯ್ತು. ಆನ್‌ಲೈನ್ ಆಟಕ್ಕೆ ಎಷ್ಟೋ ಗೇಮ್‌ಗಳು ನಂಬ್ಕೊಂಡಿದ್ದ ಗೇಮ್‌ಸ್ಪೈ ಸೇವೆ 2014ರ ಮೇ 31ಕ್ಕೆ ಬಾಗಿಲು ಹಾಕ್ತು. ನಿಂಟೆಂಡೊ ಡಿಎಸ್ ಅನ್ನೋ ಇನ್ನೊಂದು ಗೇಮ್ ಮಷೀನ್ ಇಟ್ಕೊಂಡಿರೋರಿಗೂ ಇದೇ ಹಣೆಬರಹ, ಅದೇ ತಿಂಗಳು 20ಕ್ಕೆ ಅವರ ವೈಫೈ ಸೇವೆ ನಿಂತೋಯ್ತು. ದೂರದ ಗೆಳೆಯನ ಜೊತೆ ಆಡ್ಲೇಬೇಕು ಅಂದ್ರೆ ಎಕ್ಸ್‌ಲಿಂಕ್ ಕೈ ಅಂತ ಒಂದು ಸಾಫ್ಟ್‌ವೇರ್ ಇದೆ, ಕಂಪ್ಯೂಟರ್ ಮೂಲಕ ಆಡ್‌ಹಾಕ್ ಆಟನ ಇಂಟರ್‌ನೆಟ್ ಮೇಲೆ ಸಾಗಿಸುತ್ತೆ, ಆದ್ರೆ ಎಲ್ಲ ವೈಫೈ ಅಡಾಪ್ಟರ್‌ಗೂ ಅದು ಒಗ್ಗಲ್ಲ.

ಸೇವ್ ಮಾಯ ಆಗಿದೆ

ಮೆಮೊರಿ ಕಾರ್ಡ್ ತೆಗೆದು ಮತ್ತೆ ಹಾಕಿ, ಪಟ್ಟಿಲಿ ಸೇವ್ ಕಾಣುತ್ತಾ ನೋಡಿ. ಕಾಣುತ್ತೆ ಆದ್ರೆ ಕೆಟ್ಟಿದೆ ಅಂತ ಹೇಳಿದ್ರೆ ತಕ್ಷಣ ಅಳಿಸ್ಬೇಡಿ, ಕಂಪ್ಯೂಟರಿಗೆ ಹಾಕಿ ಪಿಎಸ್‌ಪಿ ಫೋಲ್ಡರ್ ಒಳಗಿನ ಸೇವ್‌ಡೇಟಾ ಫೋಲ್ಡರ್‌ನ ಕಾಪಿ ಮಾಡಿಟ್ಕೊಳ್ಳಿ, ಆಮೇಲೆ ಕಾರ್ಡ್‌ನ ಪಿಎಸ್‌ಪಿಲೇ ಫಾರ್ಮ್ಯಾಟ್ ಮಾಡಿ. ಮತ್ತೆ ಮತ್ತೆ ಹಿಂಗಾದ್ರೆ ಕಾರ್ಡೇ ನಕಲಿ ಆಗಿರ್ಬಹುದು. 32 ಜಿಬಿ ಅಂತ ತೋರಿಸೋ ಕಾರ್ಡ್ ಒಳಗೆ ನಿಜವಾಗ್ಲೂ 4 ಜಿಬಿ ಇರುತ್ತೆ, ಅದು ತುಂಬೋವರೆಗೂ ಚೆನ್ನಾಗಿದ್ದು ಆಮೇಲೆ ಬರೆದಿದ್ದೆಲ್ಲ ಗಾಳಿಗೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಪುಕ್ಕಟೆ ಪ್ರೋಗ್ರಾಮ್ ಓಡ್ಸಿದ್ರೆ ಅಸಲಿ ಅಳತೆ ಹೇಳಿಬಿಡುತ್ತೆ, ಕಾರ್ಡ್ ಖಾಲಿ ಮಾಡ್ಕೊಂಡು ಓಡ್ಸಿ.

ಅಂಗಡಿಗೆ ಯಾವಾಗ

ಉಬ್ಬಿದ ಬ್ಯಾಟರಿ ಸಿಕ್ಕಾಕೊಂಡಿದ್ರೆ, ಚಾರ್ಜಿಗೆ ಹಾಕಿದಾಗ ಸುಟ್ಟ ವಾಸನೆ ಬಂದ್ರೆ, ಕೈ ಸುಡೋಷ್ಟು ಬಿಸಿ ಆದ್ರೆ, ನೀರು ಬಿದ್ದಿದ್ರೆ, ಮೂರು ಚಾರ್ಜರಲ್ಲೂ ದೀಪ ಬರ್ದಿದ್ರೆ ಅಲ್ಲಿಗೆ ನಿಲ್ಲಿಸಿ. ಆಡ್ತಾ ಆಡ್ತಾ ಸ್ಕ್ರೀನಿನ ಮಿಂಚಿಗೆ ತಲೆ ಸುತ್ತೋದು ಕಣ್ಣು ಮಂಜಾಗೋದು ಆದ್ರೆ ಅದು ಮಷೀನ್ ತೊಂದರೆ ಅಲ್ಲ, ಆಟ ಬಿಟ್ಟು ಡಾಕ್ಟರ್ ಹತ್ರ ಹೋಗಿ.

ಎಸ್‌ಪಿ ರೋಡಲ್ಲೂ ನ್ಯಾಷನಲ್ ಮಾರ್ಕೆಟ್ಟಲ್ಲೂ ವಿಚಾರಿಸಿದ್ರೆ ಹಳೇ ಮಷೀನ್ ಮುಟ್ಟೋರು ಸಿಕ್ತಾರೆ. ಕೊಡೋಕೆ ಮುಂಚೆ ಮೆಮೊರಿ ಕಾರ್ಡೂ ಡಿಸ್ಕೂ ತೆಗೆದಿಟ್ಕೊಳ್ಳಿ, ಸೀರಿಯಲ್ ನಂಬರಿನ ಫೋಟೋ ತಗೊಳ್ಳಿ. "ಆಗ್ತಿಲ್ಲ" ಅಂತ ಮಾತ್ರ ಹೇಳ್ಬೇಡಿ, "ಸೋಲೋ ಓಡುತ್ತೆ, ಚಾರ್ಜರ್ ಹಾಕಿದ್ರೆ ಮಲ್ಟಿಪ್ಲೇಯರೂ ಓಡುತ್ತೆ, ಬ್ಯಾಟರಿ ಮೇಲೆ ಮಾತ್ರ ಆಫ್ ಆಗುತ್ತೆ" ಅಂತ ಹೇಳಿ, ಆಮೇಲೆ ಯಾರೂ ನಿಮಗೆ ವೈಫೈ ಬೋರ್ಡ್ ಮಾರೋಕೆ ಬರಲ್ಲ. ಹಳೇ ಪಾರ್ಟ್ ವಾಪಸ್ ಕೇಳಿ ಇಸ್ಕೊಳ್ಳಿ, ಮತ್ತೆ ಅಂಗಡೀಲೇ ನಿಂತು ಎರಡು ಪಿಎಸ್‌ಪಿ ಇಟ್ಕೊಂಡು ಒಂದು ಮ್ಯಾಚ್ ಆಡಿ ನೋಡಿ ದುಡ್ಡು ಕೊಡಿ. ನಮ್ಮ ಚಿಕ್ಕಪ್ಪನ ಮಗನ ಮಷೀನ್ ವಾಪಸ್ ತರೋಕೆ ಹೋದಾಗ ಹಂಗೇ ಆಡಿದ್ವಿ, ಅಂಗಡಿ ಹುಡುಗನೂ ಸೇರ್ಕೊಂಡ, ಮೂರು ಮ್ಯಾಚಲ್ಲೂ ಅವನೇ ಗೆದ್ದ.